ಚಹಾ ಇಲ್ಲದ ದಾರಿ

ನಮ್ಮ ಅತ್ತೆಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ. ಮೈ ಭಾರ, ಮೊಣಕಾಲು ನೋವು. ಒಮ್ಮೆ ಶಹಾಪುರದ ಸ್ಟ್ಯಾಂಡಿನಲ್ಲಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಇನ್ನೊಂದು ಎತ್ತಲಾಗದೆ ನಿಂತುಬಿಟ್ಟರು. ಕಂಡಕ್ಟರನೂ ಯಾರೋ ಒಬ್ಬ ಗಂಡಸೂ ಹಿಂದಿನಿಂದ ದೂಡಿ ಹತ್ತಿಸಿದರು. ಸುರಪುರ ಬರುವವರೆಗೂ ಅತ್ತೆ ಸೆರಗನ್ನು ಮುಖದ ಮೇಲಿಂದ ತೆಗೆಯಲಿಲ್ಲ. ಅಂದಿನಿಂದ ಕೊಡೇಕಲ್ಲಿನ ತಂಗಿಯ ಮನೆಗೆ ಹೋಗುವುದು ನಿಂತೇಹೋಯಿತು. ಆ ತಂಗಿಗೂ ಮೊಣಕಾಲು ನೋವು, ಆಕೆಯೂ ಬರುವ ಹಾಗಿಲ್ಲ. ಫೋನಿನಲ್ಲಿ ಮಾತು ಮುಗಿದ ಮೇಲೆ ಅತ್ತೆ ಮೊಬೈಲನ್ನು ಸೆರಗಿನಿಂದ ಒರೆಸಿ, ಅದರ ಮುಖ ನೋಡುತ್ತಾ ಸ್ವಲ್ಪ ಹೊತ್ತು ಕೂತಿರುತ್ತಿದ್ದರು.

ನಾನು ಸೊಸೆಯಾಗಿ ದೋರನಹಳ್ಳಿಗೆ ಬರುವ ಹೊತ್ತಿಗೆ ಕೆನಾಲಿನ ನೀರು ಹೊಲಗಳಿಗೆ ಹರಿದು, ಜೋಳದ ಜಾಗದಲ್ಲಿ ಭತ್ತ ಬಂದು ಬಹಳ ವರ್ಷಗಳಾಗಿದ್ದವು. ನಮ್ಮ ಮನೆಯಲ್ಲಿ ಮೂರು ಹೊತ್ತೂ ಅನ್ನ. ಅತ್ತೆ ಉಣ್ಣುವುದನ್ನು ನೋಡುವುದೇ ನನಗೊಂದು ಪ್ರೀತಿಯ ಕೆಲಸ. ಬಿಸಿ ಅನ್ನವನ್ನು ಬೆರಳ ತುದಿಯಿಂದ ಬಿಡಿಸಿ, ಹಬೆ ಮುಖಕ್ಕೆ ತಾಗುವಂತೆ ಬಗ್ಗಿ, ಆಮೇಲೆ ಕಲಸುತ್ತಿದ್ದರು.

ಒಂದು ದಿನ ಸರ್ಕಾರಿ ದವಾಖಾನೆಯವರು ಅಂಗನವಾಡಿಯಲ್ಲಿ ಬೊಜ್ಜಿನ ತಪಾಸಣೆ ಇಟ್ಟರು. ಗೋಡೆಗೆ ತಟ್ಟೆಯ ಚಿತ್ರ ಅಂಟಿಸಿದ್ದರು. ಅದರಲ್ಲಿ ಅರ್ಧದಷ್ಟು ಪಲ್ಯ, ಮೂಲೆಯಲ್ಲಿ ಇಷ್ಟೇ ಇಷ್ಟು ಅನ್ನ. ನರ್ಸಬಾಯಿ ಟೇಪು ಹಿಡಿದು ನಡು ಅಳೆಯಲು ಬಂದಾಗ ಅತ್ತೆ ನನ್ನ ಕಡೆ ತಿರುಗಿ, "ಕುಬಸ ಹೊಲ್ಯಾಕ ಬಂದಾಳೇನ ಈಕಿ?" ಅಂದರು. ನರ್ಸಬಾಯಿಗೂ ನಗು ತಡೆಯಲಾಗಲಿಲ್ಲ. ಆದರೆ ಅನ್ನ ಕಡಿಮೆ ಮಾಡಿ, ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣಬೇಕು, ದಿನಾ ನಡೆಯಬೇಕು, ಮೈ ಇಳಿದರೆ ಮೊಣಕಾಲಿಗೂ ಆರಾಮ, ಬಸ್ಸನ್ನೂ ತಾವೇ ಹತ್ತಬಹುದು ಎಂದಾಗ ಅತ್ತೆಯ ಮುಖ ಸಣ್ಣದಾಯಿತು.

ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಹೇಳಿದರು: "ಕೆನಾಲ್ ಬರೂಮಟ ಅನ್ನದ ಮುಖ ಹಬ್ಬಕ್ಕಷ್ಟ ನೋಡೀವಿ. ನಾನೂ ನನ್ನ ತಂಗೀನೂ ಒಂದ ತಾಟಿನಾಗ ಅಗಳು ಹಂಚ್ಕೊಂಡು ಉಂಡೀವಿ. ಈಗ ಹೊಟ್ಟಿತುಂಬ ಸಿಕ್ಕದ, ಬ್ಯಾಡ ಅಂತಾಳ."

ನಾನು ಓದಿದ ಕಾನ್ವೆಂಟಿನಲ್ಲಿ ನಮಗೆ ಊಟದ ಪೋಷಕಾಂಶಗಳ ಪಾಠ ಇತ್ತು, ಬಿಳಿ ಬೂಟು ಹಾಕಿಸಿ ಡ್ರಿಲ್ಲನ್ನೂ ಮಾಡಿಸುತ್ತಿದ್ದರು. ಹಸಿದು ಬೆಳೆದವರಿಗೆ ಅನ್ನ ಬೇಡವೆಂದು ಹೇಗೆ ಹೇಳಬೇಕೆಂಬುದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಮರುದಿನ ಸುಮ್ಮನೆ ರೊಟ್ಟಿ ಬಡಿದೆ. ಅತ್ತೆ ಅದನ್ನು ಮುರಿದು, ಅಂಚು ದಪ್ಪವಾಗಿದೆ ಎಂದು ಹೇಳಿ, ಪೂರ್ತಿ ತಿಂದರು. ರಾತ್ರಿ ಊಟಕ್ಕೆ ಮಾತ್ರ ಒಂದು ಸೌಟು ಅನ್ನ ಉಳಿಯಿತು.

ನಡೆಯುವುದೇ ದೊಡ್ಡ ತೊಡಕಾಯಿತು. ನಮ್ಮೂರಲ್ಲಿ ಎದುರಿಗೆ ಸಿಕ್ಕವರೆಲ್ಲ ಕೇಳುವುದು, ಎಲ್ಲಿಗೆ ಹೊಂಟೀರಿ ಅಂತ. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎನ್ನಲು ಅತ್ತೆಗೆ ನಾಚಿಕೆ. ಅದಕ್ಕೆ ಕೈಯಲ್ಲೊಂದು ಖಾಲಿ ಡಬ್ಬಿ ಹಿಡಿದು, ಮಜ್ಜಿಗೆಗೆ ಹೊರಟಂತೆ ಊರೊಳಗೆ ತಿರುಗತೊಡಗಿದರು. ನನಗೆ ಹೆಮ್ಮೆಯೋ ಹೆಮ್ಮೆ. ಮುಂದಿನ ತಪಾಸಣೆಯಲ್ಲಿ ತಕ್ಕಡಿಯ ಮುಳ್ಳು ಮೊದಲಿಗಿಂತಲೂ ಮುಂದೆ ಹೋಯಿತು.

ನರ್ಸಬಾಯಿ ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ. ಅತ್ತೆ ಟೇಪನ್ನು ನೋಡುತ್ತಿದ್ದರು. ಮರುದಿನ ನಾನೂ ಜೊತೆಗೆ ಹೊರಟ ಮೇಲೆಯೇ ವಿಷಯ ತಿಳಿದದ್ದು. ಹೆಜ್ಜೆಗೊಂದು ಮನೆ, ಮನೆಗೊಂದು ಚಹಾ, ಸಕ್ಕರೆ ತುಂಬಿದ ಚಹಾ, ಜೊತೆಗೆ ಚುರುಮುರಿ ಸೂಸಲ. ಬೇಡವೆಂದರೆ, ನಮ್ಮ ಮನಿ ಚಾ ಸೇರಂಗಿಲ್ಲೇನ್ರಿ ಎನ್ನುವ ಮಾತು. ಅಷ್ಟು ನಡೆದವರು ಅದಕ್ಕಿಂತ ಹೆಚ್ಚು ಕೂತಿದ್ದರು.

"ಅತ್ತೀ, ಕೆನಾಲ್ ದಂಡಿಗೆ ಹೋಗೂಣ್ರಿ," ಅಂದೆ. "ಅಲ್ಲಿ ಮನಿ ಇಲ್ಲ."

"ಮನಿ ಇಲ್ದಲ್ಲಿಗೆ ಯಾಕ ಹೋಗಬೇಕವ್ವ?" ಅಂದರು. ಆದರೂ ಬಂದರು.

ಮೊದಮೊದಲು ನಾವಿಬ್ಬರೇ. ನೀರಿನ ಪಕ್ಕದ ಮಣ್ಣಿನ ದಾರಿಯಲ್ಲಿ ಅವರ ಹವಾಯಿ ಚಪ್ಪಲಿಯ ಸದ್ದು, ಮಧ್ಯೆ ಮಧ್ಯೆ ನಿಂತು ಉಸಿರು ಬಿಡುವ ಸದ್ದು. ಆಮೇಲೆ ಚಹಾ ಕೊಡುತ್ತಿದ್ದವರೇ ಬರತೊಡಗಿದರು. ಅವರದೂ ಅದೇ ನಾಚಿಕೆ. ಒಬ್ಬಾಕೆಯ ಕೈಯಲ್ಲಿ ಕುಡಗೋಲು, ಇನ್ನೊಬ್ಬಾಕೆಯ ತಲೆಯ ಮೇಲೆ ಖಾಲಿ ಬುಟ್ಟಿ. ಒಂದು ಹುಲ್ಲುಕಡ್ಡಿಯನ್ನೂ ಕೊಯ್ಯದೆ ಎಲ್ಲರೂ ವಾಪಸ್ಸು ಬರುತ್ತಿದ್ದರು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ಸೊಂಟದ ಮೇಲೆ ಕೈಯಿಟ್ಟು ನಕ್ಕು, ನಡೆಯುವ ಹಂಬಲ ಇದ್ದರೆ ಕೆಸರಿಗೆ ಇಳೀರಿ, ಕೂಲಿನೂ ಸಿಗ್ತದ ಎಂದು ಛೇಡಿಸಿದರು. ಅತ್ತೆಯೂ ನಕ್ಕರು.

ಮಳೆಗಾಲ ಹೋಗಿ ಚಳಿ ಬಿತ್ತು. ಅತ್ತೆಯ ಬಳೆ ಮುಂಗೈಯಿಂದ ಸಡಿಲಾಗಿ ಕೆಳಗಿಳಿದಿದ್ದನ್ನು ನಾನು ನೋಡಿಕೊಂಡೇ ಇದ್ದೆ. ಒಂದು ಬೆಳಿಗ್ಗೆ ಅವರೇ ಕೊಡೇಕಲ್ಲಿಗೆ ಹೋಗೋಣ ಎಂದರು. ಸ್ಟ್ಯಾಂಡಿನಲ್ಲಿ ಬಸ್ಸು ಬಂದಾಗ ನಾನು ಹಿಂದೆ ಹೋಗಿ ನಿಂತೆ. "ದೂಡಬ್ಯಾಡ," ಅಂದರು, ತಿರುಗದೆ. ಎರಡೂ ಕೈಯಿಂದ ಕಂಬಿ ಹಿಡಿದು, ಒಂದು ಕಾಲಿಟ್ಟು, ಸ್ವಲ್ಪ ತಡೆದು, ಇನ್ನೊಂದನ್ನೂ ಎತ್ತಿಟ್ಟರು. ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡರು. ಸುರಪುರದ ಗುಡ್ಡ ಕಂಡಾಗ ಕಿಟಕಿಯಿಂದ ನನಗೇ ತೋರಿಸಿದರು, ನಾನು ಎಂದೂ ನೋಡಿಲ್ಲವೆಂಬಂತೆ.

ತಂಗಿ ಬಾಗಿಲಲ್ಲೇ ಕಾಯುತ್ತಿದ್ದರು. ಇಬ್ಬರೂ ಒಬ್ಬರ ಗಲ್ಲ ಒಬ್ಬರು ಸವರಿ ಅತ್ತು ಮುಗಿಸಿದ ಮೇಲೆ ಊಟಕ್ಕೆ ಕೂತೆವು. ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಅನ್ನದ ಸುಳಿವಿಲ್ಲ. ಅಲ್ಲಿಗೂ ಒಬ್ಬ ನರ್ಸಬಾಯಿ ಬಂದುಹೋಗಿದ್ದಾರಂತೆ, ಅಂಗನವಾಡಿಯ ಗೋಡೆಗೆ ಅದೇ ತಟ್ಟೆಯ ಚಿತ್ರ ಅಂಟಿಸಿದ್ದಾರಂತೆ.

ಅತ್ತೆ ರೊಟ್ಟಿಯನ್ನು ಮುಟ್ಟಲಿಲ್ಲ. "ಇಷ್ಟ್ ದೂರ ನಿನ್ನ ನೋಡಾಕ ಬಂದೀನಿ," ಅಂದರು, "ಒಂದ್ ತುತ್ತು ಅನ್ನ ಮಾಡಿಲ್ಲೇನ?"

ತಂಗಿ ನನ್ನ ಮುಖ ನೋಡಿದರು. ನಾನು ಉಳ್ಳಾಗಡ್ಡಿಯ ಸಿಪ್ಪೆ ಬಿಡಿಸುತ್ತಾ ಕೂತೆ. ತಂಗಿ ಗೋಡೆ ಹಿಡಿದು ಮೆಲ್ಲಗೆ ಎದ್ದು ಒಳಗೆ ಹೋದರು. ಅಕ್ಕಿ ತೊಳೆಯುವ ಸದ್ದು ಕೇಳಿಸಿತು. ಅತ್ತೆ ನೆಲಕ್ಕೆ ಕೈಯೂರಿ ಎದ್ದು, ತಂಗಿಯ ಹಿಂದೆಯೇ ಅಡುಗೆಮನೆಗೆ ನಡೆದರು. ಒಂದು ತಾಟು ಸಾಕು, ಒಂದರಲ್ಲೇ ಹಾಕು ಎಂದು ಹೇಳುತ್ತಿದ್ದರು.