ಗೂಟದ ಆ ಕಡೆ

ಕಾಮಾಕ್ಷಿಪಾಳ್ಯದ ಇಟ್ಟಿಗೆ ಗುಂಡಿಗಳ ಮೇಲೆ ಮಂಜು ಇನ್ನೂ ಕರಗಿಲ್ಲ. ಬೋರಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ತಣ್ಣನೆಯ ಕೆಸರಿಗೆ ಇಳಿಯುತ್ತಾರೆ. ಮಣ್ಣು ತುಳಿಯುವುದು ಇಬ್ಬರ ಕೆಲಸ. ಎದುರುಬದುರು ನಿಂತು, ಒಬ್ಬರ ಹೆಗಲಿಗೆ ಇನ್ನೊಬ್ಬರು ಕೈಯಿಟ್ಟು ತುಳಿದರೆ ಜಾರುವುದಿಲ್ಲ. ಪಕ್ಕದ ಗುಂಡಿಗಳಲ್ಲಿ ಗಂಡ ಹೆಂಡಿರು ಹಾಗೆಯೇ ತುಳಿಯುತ್ತಿದ್ದಾರೆ. ಬೋರಮ್ಮ ಮಾತ್ರ ಗುಂಡಿಯ ನಡುವೆ ಒಂದು ಗೂಟ ನೆಟ್ಟುಕೊಂಡಿದ್ದಾರೆ. ಅದನ್ನು ಹಿಡಿದು ಒಬ್ಬರೇ ಸುತ್ತುತ್ತಾರೆ.

ತುಳಿದ ಮಣ್ಣನ್ನು ಅಚ್ಚಿಗೆ ತುಂಬಿ ದಿನಕ್ಕೆ ನಾನೂರರಷ್ಟು ಇಟ್ಟಿಗೆ ಕೊಯ್ಯುತ್ತಾರೆ. ರಾಜಾಜಿನಗರದಲ್ಲಿ ಏಳುತ್ತಿರುವ ಹೊಸ ಮನೆಗಳಿಗೆ ಗಾಡಿ ತುಂಬಿ ಹೋಗುವುದು ಇವೇ. ಗೃಹಪ್ರವೇಶಕ್ಕೆ ಯಾರೂ ಕರೆಯುವುದಿಲ್ಲ, ಅದರ ಬೇಸರವೂ ಅವರಿಗಿಲ್ಲ.

ಬೇಸರ ಬೇರೆಯದು. ಒಂಬತ್ತು ವರ್ಷದ ಹಿಂದೆ ಇದ್ದೊಂದು ಮಗು ಜ್ವರದಲ್ಲಿ ಹೋಯಿತು. ಸಂಸಾರವೆಲ್ಲ ದುಃಖ ಎಂದು ಹೇಳಿ ಗಂಡ ಮುನಿಯಣ್ಣ ಮನೆ ಬಿಟ್ಟರು. ಉತ್ತರದ ಕಡೆ ಬೌದ್ಧ ಭಿಕ್ಷುವಾದರೆಂದು ಆಮೇಲೆ ಸುದ್ದಿ ಬಂತು. ಹೋದದ್ದು ನನ್ನ ಮಗುವೂ ಅಲ್ಲವೇ ಎಂದು ಕೇಳೋಣವೆಂದರೆ ಬೋರಮ್ಮನ ಎದುರಿಗೆ ಯಾರೂ ಇರಲಿಲ್ಲ.

ಬುದ್ಧನ ಎರಡೂವರೆ ಸಾವಿರ ವರ್ಷದ ಜಯಂತಿ ನಡೆದ ಈ ವರ್ಷದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ಮುನಿಯಣ್ಣ ಬಂದರು. ತಲೆ ಬೋಳಿಸಿ, ಕಾವಿ ಹೊದ್ದು, ಭಿಕ್ಷಾಪಾತ್ರೆ ಹಿಡಿದು ಬಾಗಿಲಲ್ಲಿ ಸುಮ್ಮನೆ ನಿಂತರು. ಬೋರಮ್ಮ ಗುರುತು ಹಿಡಿದರು. ಏನು ಮಾಡಬೇಕೆಂದು ತೋಚದೆ, ದಾಸಯ್ಯನಿಗೆ ನೀಡುವ ಹಾಗೆ ಮೊರದಲ್ಲಿ ರಾಗಿ ತಂದರು. ಮುನಿಯಣ್ಣ ಪಾತ್ರೆಯನ್ನು ಅಂಗೈಯಿಂದ ಮುಚ್ಚಿಬಿಟ್ಟರು.

"ನನ್ ಕೈಯಿಂದು ಬೇಡ್ವೇನೋ ಅನ್ಕೊಂಡೆ ಸಾರ್. ಮೊರ ಹಿಡ್ಕೊಂಡೇ ಅತ್ಬಿಟ್ಟೆ," ಎನ್ನುತ್ತಾರೆ ಬೋರಮ್ಮ, ಪತ್ರಿಕೆಗೆ ಬರೆಯಲು ಬಂದ ನನಗೆ.

ಭಿಕ್ಷುಗಳು ಹಸಿ ಧಾನ್ಯ ತೆಗೆದುಕೊಳ್ಳುವಂತಿಲ್ಲ, ಬೇಯಿಸಿದ್ದು ಮಾತ್ರ ಸಲ್ಲುತ್ತದೆ ಎಂದು ಅವರೇ ಮೆಲ್ಲಗೆ ತಿಳಿಸಿದ ಮೇಲೆ ಒಲೆ ಹಚ್ಚಿ ಮುದ್ದೆ ಮಾಡಿಕೊಟ್ಟರು. ಜಗುಲಿಯ ಮೇಲೆ ಉಂಡು ಮುನಿಯಣ್ಣ ತಾವು ಕಲಿತದ್ದನ್ನು ಹೇಳಿದರಂತೆ. ಬಿಡುಗಡೆ ಬೇರೆಲ್ಲೋ ಇರುವ ಊರಲ್ಲ. ಸಂಸಾರಕ್ಕೂ ನಿರ್ವಾಣಕ್ಕೂ ಕೂದಲೆಳೆಯಷ್ಟೂ ಅಂತರವಿಲ್ಲ. ಅಂಟಿಕೊಂಡರೆ ಇದೇ ಸಂಸಾರ, ಅಂಟದಿದ್ದರೆ ಇದೇ ನಿರ್ವಾಣ. ಬೌದ್ಧರಲ್ಲಿ ಒಂದು ಪಂಥದವರ ಮಾತಿದು. ನಾನೂ ಓದಿ ತಲೆದೂಗಿದ್ದೆ. ಈ ಗುಂಡಿಯ ದಡದಲ್ಲಿ ನಿಂತು ಕೇಳುವಾಗ ಮಾತ್ರ ತಲೆ ಅಲ್ಲಾಡಲಿಲ್ಲ.

"ಎರಡೂ ಒಂದೇ ಆದ್ರೆ ಹೋಗಿದ್ದು ಯಾಕೆ ಅಂದೆ. 'ಹೋಗ್ದೆ ಇದ್ದಿದ್ರೆ ಗೊತ್ತಾಗ್ತಿರಲಿಲ್ಲ ಬೋರಿ' ಅಂದ್ರು. ಬೋರಿ ಅಂತ ಕರೆಯೋರು ಅವರೊಬ್ರೇ ಸಾರ್."

ಮಳೆಗಾಲವನ್ನು ಭಿಕ್ಷುಗಳು ಒಂದೇ ಕಡೆ ಕಳೆಯಬೇಕಂತೆ. ಅದು ಮುಗಿದ ಮೇಲೆ ಮತ್ತೆ ಈ ದಾರಿಯಲ್ಲಿ ಬರುತ್ತೇನೆ ಎಂದು ಹೇಳಿ ಹೋದರು. ಮಳೆ ನಿಂತು ತಿಂಗಳಾಯಿತು. ಬೋರಮ್ಮ ಈಗ ಬೆಳಗಿನ ಮುದ್ದೆಯನ್ನು ಒಬ್ಬರಿಗೆ ಹೆಚ್ಚಾಗಿಯೇ ಕಟ್ಟುತ್ತಾರೆ, ಮಧ್ಯಾಹ್ನ ತಿರುಗಿ ಭಿಕ್ಷುಗಳು ಉಣ್ಣುವ ಹೊತ್ತು ಮೀರಿದ ಮೇಲೆ ಅದನ್ನು ತಾವೇ ಉಣ್ಣುತ್ತಾರೆ.

ಬಂದರೆ ಮನೆಯಲ್ಲೇ ಇರಿ ಎಂದು ಕೇಳುತ್ತೀರಾ ಎಂದೆ. ಅವರು ತುಳಿಯುವುದನ್ನು ನಿಲ್ಲಿಸಲಿಲ್ಲ.

"ಇರಿ ಅನ್ನಲ್ಲ. ಒಂದ್ ಬೆಳಿಗ್ಗೆ ಇಲ್ಲಿಗೆ ಇಳೀಲಿ, ಸಾಕು. ಹೆಂಗಸರನ್ನ ಮುಟ್ಟಂಗಿಲ್ವಂತೆ ಅವ್ರು. ಮುಟ್ಟೋದು ಬೇಡ. ಆ ಕಡೆಯಿಂದ ಅವ್ರು, ಈ ಕಡೆಯಿಂದ ನಾನು, ಈ ಗೂಟ ಹಿಡ್ಕೊಂಡ್ರಾಯ್ತು."