ಹದಿನಾಲ್ಕನೇ ಸಾಲಿನ ಸರಿಯುತ್ತರ

ಬೆಳಗಿನ ಐದೂವರೆ. ಕೆರೆತಾರೊ ಊರಾಚೆಯ ಡೇಟಾ ಸೆಂಟರಿನ ಕಿಟಕಿಯಿಲ್ಲದ ಬಿಳಿ ಕಟ್ಟಡದೊಳಗೆ ಒಬ್ದುಲಿಯಾ ಲಾಂದೆರೋಸ್ ಕಿವಿಗೆ ಹತ್ತಿ ತುರುಕಿಕೊಂಡು ಹದಿನಾಲ್ಕನೇ ಸಾಲಿನತ್ತ ನಡೆಯುತ್ತಾರೆ. ಎರಡೂ ಕಡೆ ಆಳೆತ್ತರದ ಕಪಾಟುಗಳು, ಒಳಗೆ ಸರ್ವರ್‌ಗಳ ಕಿವಿಗಡಚಿಕ್ಕುವ ಸದ್ದು. ಒಂದು ಕಪಾಟಿನ ಮುಂದೆ ನಿಂತು ಅಂಗೈ ಒಡ್ಡುತ್ತಾರೆ. "ಇದಕ್ಕೆ ಸೆಕೆ ಆಗ್ತಿದೆ," ಎಂದು, ಪತ್ರಿಕೆಗೆ ಬರೆಯಲು ಜೊತೆಗೆ ಬಂದ ನನ್ನ ಕಿವಿಯ ಬಳಿ ಕೂಗುತ್ತಾರೆ. ಕಂಪ್ಯೂಟರ್ ಪರದೆ ಅದನ್ನೇ ಹೇಳಿದ್ದು ಏಳು ನಿಮಿಷದ ಮೇಲೆ. ನಾನೇ ಗಡಿಯಾರ ನೋಡಿಕೊಂಡೆ.

ವಯಸ್ಸು ನಲವತ್ತೇಳು. ಒಂಬತ್ತು ವರ್ಷದಿಂದ ಇಲ್ಲೇ ದುಡಿಮೆ, ಆದರೆ ಕಂಪನಿಯವರಲ್ಲ, ಗುತ್ತಿಗೆಯವರು. ಗುತ್ತಿಗೆದಾರರು ಮೂವರು ಬದಲಾದರು, ಕೊರಳಿನ ಕಿತ್ತಳೆ ಬಣ್ಣದ ಕಾರ್ಡು ಬದಲಾಗಲಿಲ್ಲ. ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡಿಗೆ, ಕೆಟ್ಟ ಮೂವತ್ತು ಡಿಸ್ಕು ಕಿತ್ತು ಹೊಸದು ಕೂರಿಸುವುದು. ನೀಲಿ ಕಾರ್ಡಿನ ಕಾಯಂ ನೌಕರರಿಗೆ ಒಳಗೇ ಕ್ಯಾಂಟೀನು. ಕಿತ್ತಳೆಯವರು ಗೇಟಿನಾಚೆ ಕಟ್ಟೆಯ ಮೇಲೆ ಕೂತು ಗೋರ್ದಿತಾ, ಅಂದರೆ ಪಲ್ಯ ತುಂಬಿದ ದಪ್ಪ ರೊಟ್ಟಿ, ತಿನ್ನಬೇಕು. ಇಂಥವರನ್ನು ಎಲೆಮರೆಯ ಕಾಯಿ ಎಂದು ಹೊಗಳಿ ಕೈತೊಳೆದುಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಎಲೆ ಅಡ್ಡ ಹಿಡಿದವರು ಯಾರು ಎಂದು ಕೇಳಬೇಡವೇ?

ಎರಡು ವರ್ಷದ ಹಿಂದೆ ಈ ಸಾಲು ದಿನಾ ಬೆಳಿಗ್ಗೆ ಆರೂಕಾಲಿಗೆ ಕಾದು ಕೆಂಡವಾಗಿ ನಿಂತುಹೋಗುತ್ತಿತ್ತು. ಮೂರು ವಾರ ಇಂಜಿನಿಯರುಗಳು ಪರದೆ ನೋಡುತ್ತ ತಲೆ ಕೆರೆದುಕೊಂಡರು. ಒಬ್ದುಲಿಯಾ ಆರಕ್ಕೇ ಹೋಗಿ ಅಲ್ಲಿ ನಿಂತರು. ಆಗ ನೆಲ ಒರೆಸುವ ಚೇಲೋ ಬಕೆಟ್ಟಿನ ಗಾಡಿ ತಂದು, ಕೆಳಗಿನಿಂದ ತಂಗಾಳಿ ಬರುವ ತೂತಿನ ಹಲಗೆಯ ಮೇಲೇ ನಿಲ್ಲಿಸಿದಳು. ಚೇಲೋಳ ಮಗಳಿಗೆ ಒಬ್ದುಲಿಯಾ ಧರ್ಮತಾಯಿ, ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು 'ಕೊಮಾದ್ರೆ'.

"'ಕೊಮಾದ್ರೆ, ಗಾಡಿ ತೆಗಿಯೇ, ಪಾಪದವು ಉಸಿರುಕಟ್ಟಿ ಸಾಯ್ತಿವೆ' ಅಂದೆ. 'ನಂಗೂ ಸೆಕೆ ಕಣೇ, ನನ್ನ ಯಾರು ಕೇಳ್ತಾರೆ' ಅಂತ ಗೊಣಗಿ ತೆಗೆದ್ಲು. ಅಷ್ಟೇ. ಅವತ್ತಿಂದ ಸಾಲು ನಿಂತಿಲ್ಲ."

ಅದೇ ದಿನ ಇಂಜಿನಿಯರುಗಳು ಫ್ಯಾನಿನ ವೇಗ ಹೆಚ್ಚಿಸಿದ್ದರು. ವರದಿಯಲ್ಲಿ ಬಂದದ್ದು ಫ್ಯಾನು. ಗಾಡಿಯ ಸುದ್ದಿಯಿಲ್ಲ, ಒಬ್ದುಲಿಯಾ ಹೆಸರೂ ಇಲ್ಲ.

ಕಳೆದ ತಿಂಗಳು ನೀಲಿ ಕಾರ್ಡಿಗಾಗಿ ಅವರು ಮೂರನೇ ಇಂಟರ್‌ವ್ಯೂಗೆ ಕೂತರು. ಮೂರು ಸಲ ಸೋತವರು ಮತ್ತೆ ಅರ್ಜಿ ಹಾಕುವಂತಿಲ್ಲ. ಎದುರಿಗಿದ್ದವನು ಫಾಬ್ರಿಸಿಯೊ, ಬೆರಳು ಕುಯ್ದುಕೊಳ್ಳದೆ ಡಿಸ್ಕು ತೆಗೆಯುವುದನ್ನು ಇವರಿಂದಲೇ ಕಲಿತ ಹುಡುಗ, ಈಗ ನೀಲಿ ಕಾರ್ಡಿನ ಇಂಜಿನಿಯರ್. ಇಂಟರ್‌ವ್ಯೂ ಕೋಣೆಯಲ್ಲಿ ಪರಿಚಯ ತೋರಿಸಬಾರದೆಂಬುದು ಕಂಪನಿಯ ನಿಯಮ.

"ದಿನಾ ಅಕ್ಕರೆಯಿಂದ ದೋನ್ಯಾ ಒಬ್ದುಲಿಯಾ ಅನ್ನೋನು ಅವತ್ತು ಗುರುತಿಲ್ಲದೋರ ಥರ 'ಸೆನ್ಯೋರಾ ಲಾಂದೆರೋಸ್, ನಿಮ್ಮ ಪರಿಚಯ ಹೇಳಿ' ಅಂದ. 'ನಿನ್ನ ಬೆರಳಿಗೆ ಪಟ್ಟಿ ಕಟ್ಟಿದೋಳು ನಾನೇ ಅಲ್ವೇನಪ್ಪಾ ಇಂಜಿನಿಯರೇ' ಅಂದೆ. ನಗಲಿಲ್ಲ, ಬರ್ಕೊಂಡ."

ಆಮೇಲೆ ಬಂತು ಪ್ರಶ್ನೆ: ಒಂದು ಸಾಲು ದಿನಾ ಒಂದೇ ಹೊತ್ತಿಗೆ ಕಾದು ನಿಲ್ಲುತ್ತದೆ, ಏನು ಮಾಡುತ್ತೀರಿ?

"ನನ್ನದೇ ಸಾಲು! ನಗು ತಡೆಯೋಕಾಗ್ಲಿಲ್ಲ. 'ಆ ಹೊತ್ತಿಗೆ ಅಲ್ಲಿ ಹೋಗಿ ನಿಂತ್ಕೋತೀನಿ, ತೂತಿನ ಹಲಗೆ ಮೇಲೆ ಏನಿದೆ ನೋಡ್ತೀನಿ' ಅಂದೆ."

ಕಂಪನಿಯ ಹಾಳೆಯಲ್ಲಿದ್ದ ಸರಿಯುತ್ತರ ಫ್ಯಾನು. 'ತಾಂತ್ರಿಕ ಚಿಂತನೆ ಸಾಲದು' ಎಂದು ಪತ್ರ ಬಂತು. ಥೂ! ಇವರು ಬಿಡಿಸಿದ ಗಂಟನ್ನೇ ಪ್ರಶ್ನೆ ಮಾಡಿ, ಬಿಡಿಸಿದ್ದು ಹೀಗಲ್ಲ ಎಂದು ಇವರಿಗೇ ಪಾಠ ಹೇಳುವುದಕ್ಕೆ ಎಂಥ ಮುಖ ಬೇಕು? ಕಂಪನಿಗೆ ಫೋನ್ ಮಾಡಿದೆ. ಪ್ರಶ್ನೆ, ಉತ್ತರ ಎರಡೂ ಗೋಪ್ಯ ಎಂದು ಫೋನ್ ಇಟ್ಟುಬಿಟ್ಟರು. ಅದೇ ಗೋಪ್ಯವನ್ನು ಫಾಬ್ರಿಸಿಯೊ ಕಟ್ಟೆಯ ಬಳಿ ಬಂದು, ತಲೆ ತಗ್ಗಿಸಿಕೊಂಡು ಇವರಿಗೆ ಹೇಳಿಹೋಗಿದ್ದಾನೆ.

ಅದೇ ಕಟ್ಟೆಯ ಮೇಲೆ ಒಬ್ದುಲಿಯಾ ತಮ್ಮ ಗೋರ್ದಿತಾದಲ್ಲಿ ಅರ್ಧ ಮುರಿದು ನನಗೆ ಕೊಡುತ್ತಾರೆ. ಹೊಟ್ಟೆ ಉರಿಯುವುದಿಲ್ಲವೇ ಎಂದು ಕೇಳುತ್ತೇನೆ.

"ಉರಿಯತ್ತೆ. ಯಾಕೆ ಉರಿಯಲ್ಲ? ಆದ್ರೆ ಮುಂದಿನ ವಾರ ಚೇಲೋ ಮಗಳು ಅದೇ ಇಂಟರ್‌ವ್ಯೂಗೆ ಹೋಗ್ತಾಳೆ. ಅವರಮ್ಮನ ಗಾಡಿ ಅಂದ್ರೆ ಕೆಲಸ ಇಲ್ಲ, ಫ್ಯಾನು ಅಂದ್ರೆ ಇದೆ."

"ಏನು ಹೇಳಿಕೊಟ್ಟಿರಿ?"

ಅವರು ಕೈ ಒರೆಸಿಕೊಂಡು ಏಳುತ್ತಾರೆ. "ಫ್ಯಾನು ಅಂತ್ಲೇ ಹೇಳು ಅಂದೆ. ನೀಲಿ ಕಾರ್ಡು ಕೊರಳಿಗೆ ಬಿದ್ದ ದಿನ, ಮೊದಲು ಆ ಉತ್ತರ ತಿದ್ದು ಅಂದೆ. ನನಗೆ ಅಷ್ಟು ಸಾಕು."