ಬಲಕ್ಕೆ ಬಂದ ಸ್ಟೇರಿಂಗು

ಗೆಳೆಯರೇ, ತಲೆ ಕೆಟ್ಟು ಹೋಗಿದೆ. ನನ್ನ ಅಮೆರಿಕನ್ ಕಾರು ಹಾಳಾಯ್ತು. ನಿಜವಾದ ಕಾರಲ್ಲ, ಅಂಗೈ ಮೇಲೆ ಕೂರುವ ಲೋಹದ ಮಾಡೆಲ್. ಐವತ್ತೇಳನೇ ಇಸವಿಯ ಓಪನ್ ಕಾರು, ಹಿಂದೆ ಮೀನಿನ ರೆಕ್ಕೆ ಥರ ಇರುತ್ತಲ್ಲ, ಅದು. ನಾಳೆ ಅದನ್ನು ಗಂಜಾಂನ ಗೆಳೆಯನಿಗೆ ಕೊಟ್ಟು, ನಾನು ಎಷ್ಟೋ ದಿನದಿಂದ ಹುಡುಕುತ್ತಿದ್ದ ಕೆಂಪು ಪಿಕಪ್ ಮಾಡೆಲನ್ನು ಅವನಿಂದ ತಗೋಬೇಕಿತ್ತು.

ಚಕ್ರ ತಿರುಗುತ್ತಿರಲಿಲ್ಲ ಅಂತ ಕೆ.ಆರ್. ಪೇಟೆಯಲ್ಲಿ ಮಿಕ್ಸಿ ರಿಪೇರಿ ಮಾಡುವ ಸೋದರಮಾವನಿಗೆ ಕೊಟ್ಟಿದ್ದೆ. ಇವತ್ತು ಹೋಗಿ ನೋಡಿದರೆ, ಎಡಗಡೆ ಇದ್ದ ಸ್ಟೇರಿಂಗ್ ಕಿತ್ತು ಬಲಗಡೆ ಅಂಟಿಸಿಟ್ಟಿದ್ದಾನೆ! ಸೀಟ್ ಮೇಲೆಲ್ಲ ಗಮ್ಮು.

"ಏನ್ ಮಾವ ಇದು?"

"ಕಂಪ್ನಿಯೋರು ಉಲ್ಟಾ ಕೂರ್ಸ್‌ಬುಟ್ಟಿದ್ರು ಕಣ್ಲಾ. ಸರಿ ಮಾಡಿವ್ನಿ."

"ಅಮೆರಿಕದಲ್ಲಿ ಎಡಕ್ಕೇ ಇರೋದು ಮಾವ!"

"ಒಂಬತ್ನೇ ಕ್ಲಾಸ್ಗೇ ಸ್ಕೂಲ್ ಬುಟ್ಟೋನು ನಂಗೇಳ್ಕೊಡ್ತೀಯೇನ್ಲಾ? ಎಡಕ್ಕಿದ್ರೆ ನಾಗಮಂಗಲ ರೋಡಲ್ಲಿ ಲಾರಿ ಎಂಗ್ಲಾ ಓವರ್‌ಟೇಕ್ ಮಾಡೀಯೆ?"

ಗಂಜಾಂ ಗೆಳೆಯನಿಗೆ ಫೋಟೊ ಕಳಿಸಿದೆ. "ಬ್ಯಾಡ ಕಣ್ಲಾ, ನೀನೇ ಇಟ್ಕೊ" ಅಂದ. ಪಿಕಪ್ ಕೈ ತಪ್ಪಿತು.

ಮನೆಗೆ ಬಂದು ಕಾರನ್ನು ಮೇಜಿನ ಮೇಲಿಟ್ಟು ತಳ್ಳಿದೆ. ಚಕ್ರ ಈಗಲೂ ತಿರುಗುತ್ತಿಲ್ಲ. ಮಾವನಿಗೆ ಫೋನ್ ಮಾಡಿದರೆ, "ಅಯ್ಯೋ, ಅದು ಮರ್ತೇ ಓಯ್ತು ಕಣ್ಲಾ" ಅಂತಾನೆ.

ಲಾರಿ ಓವರ್‌ಟೇಕ್ ಮಾಡೋಕೆ ರೆಡಿಯಾದ ಕಾರು ಮೇಜಿನ ಮೇಲೆ ಇಟ್ಟಲ್ಲೇ ನಿಂತಿದೆ.